ಇಂಗ್ಲಿಷ್ ಬಿಟ್ಟದ್ದನ್ನು ಚಿತ್ರ ಉಳಿಸಿಕೊಂಡಿದೆ: ಕೊರಿಯಾದ ಮನ್ಹ್ವಾ ಪುಸ್ತಕಗಳ ಬಹುಕಾಲದ ಓದು

ಕಾಮಿಕ್ಸ್‌ಗೆ ಕೊರಿಯನ್ನರು ಮನ್ಹ್ವಾ ಅನ್ನುತ್ತಾರೆ. ಜಪಾನಿನ ಮಾಂಗಾ ಓದಿ ರೂಢಿಯಾದವರು ಇದನ್ನೂ ಹಿಂದಿನ ಪುಟದಿಂದ ತೆರೆಯಲು ಹೋಗುತ್ತಾರೆ. ಬೇಕಿಲ್ಲ, ಮನ್ಹ್ವಾ ನಮ್ಮ ಪುಸ್ತಕದ ಹಾಗೆಯೇ ಎಡದಿಂದ ಬಲಕ್ಕೆ ಸಾಗುತ್ತದೆ. ಈ ವಿಮರ್ಶೆ ಅದರ ಒಂದು ಕವಲಿಗೆ ಸೀಮಿತ. ದುಡಿಮೆ, ಬಾಡಿಗೆ, ಅತ್ತೆಮನೆ, ಯುದ್ಧ ಉಳಿಸಿಹೋದ ಗಾಯ, ಇಂಥವನ್ನೇ ವಸ್ತುವಾಗಿಸಿಕೊಂಡ, ಹೆಚ್ಚಾಗಿ ಕಪ್ಪು-ಬಿಳುಪಿನ ದಪ್ಪ ಪುಸ್ತಕಗಳು ಇವು. ಕೆಳಗೆ ಹೇಳಿದ ಇಂಗ್ಲಿಷ್ ಪುಸ್ತಕಗಳೆಲ್ಲ ಮಾಂಟ್ರಿಯಲ್‌ನ ಡ್ರಾನ್ ಆ್ಯಂಡ್ ಕ್ವಾರ್ಟರ್ಲಿ ಪ್ರಕಾಶನದವು. ಹೆಚ್ಚಿನವನ್ನು ಅನುವಾದಿಸಿದವರು ಜಾನೆಟ್ ಹಾಂಗ್.

ಮೊದಲು ಕೊಳ್ಳಬೇಕಾದದ್ದು 'ಮಾಮ್ಸ್'. ಮಾ ಯೊಂಗ್-ಶಿನ್ ತಮ್ಮ ತಾಯಿಯ ಕೈಗೆ ನೋಟ್‌ಬುಕ್ ಕೊಟ್ಟು, ಅವರ ಬದುಕು, ಗೆಳತಿಯರು, ಪ್ರೇಮ ಎಲ್ಲವನ್ನೂ ಬರೆಸಿಕೊಂಡು ಕಟ್ಟಿದ ಕಥೆ ಇದು. ನಾಯಕಿ ಸೊಯೊನ್ ಐವತ್ತು ದಾಟಿದ ಹೆಂಗಸು. ಗಂಡನಿಂದ ದೂರವಾಗಿದ್ದಾಳೆ, ಕಟ್ಟಡದ ಸ್ವಚ್ಛತಾ ಕೆಲಸ ಮಾಡುತ್ತಾಳೆ, ನೆಚ್ಚಲಾಗದ ಪ್ರಿಯಕರನನ್ನು ಬಿಡಲೂ ಆಗದೆ ಒದ್ದಾಡುತ್ತಾಳೆ. ತಾಯಿಯನ್ನು ದೇವತೆಯನ್ನಾಗಿಸುವ ಆಸೆ ಈ ಪುಸ್ತಕಕ್ಕೆ ಎಲ್ಲೂ ಇಲ್ಲ, ಅದೇ ಇದರ ದೊಡ್ಡ ಗುಣ. ಮೇಲ್ವಿಚಾರಕನ ಕಿರುಕುಳಕ್ಕೆ ಬೇಸತ್ತ ಕೆಲಸಗಾರ್ತಿಯರು ಒಗ್ಗೂಡಲು ಹೊರಡುವ ಭಾಗ ಎಷ್ಟು ಸಲ ಓದಿದರೂ ಹಳತಾಗುವುದಿಲ್ಲ. ಕಾಮಿಕ್ಸ್‌ಗೆಂದೇ ಅಮೆರಿಕದಲ್ಲಿ ಕೊಡುವ ಹಾರ್ವಿ ಪ್ರಶಸ್ತಿ 2021ರಲ್ಲಿ ಇದಕ್ಕೆ ಬಂದದ್ದು ನ್ಯಾಯವೇ.

ಈಗ ತೊಡಕಿನ ಮಾತು. ಕೊರಿಯನ್ ಭಾಷೆಯಲ್ಲಿ ಸಲಿಗೆಯ ಮಾತಿಗೆ ಬನ್ಮಲ್, ಗೌರವದ ಮಾತಿಗೆ ಜೊಂಡೆಮಲ್ ಎಂದು ಬೇರೆ ಬೇರೆ ರೂಪಗಳಿವೆ. ನಮ್ಮ 'ಬಾ', 'ಬನ್ನಿ'ಯ ಹಾಗೆ ಕ್ರಿಯಾಪದದ ಕೊನೆ ಬದಲಾಗುತ್ತದೆ. ಇಂಗ್ಲಿಷಿಗೆ ಬಂದಾಗ ಎಲ್ಲರೂ 'ಯೂ' ಆಗಿಬಿಡುತ್ತಾರೆ. ಹಾಗಾಗಿ ಒಬ್ಬಾಕೆ ಇನ್ನೊಬ್ಬಳ ಮೇಲೆ ತಟ್ಟನೆ ಸಿಡಿದಾಗ, ಏಕವಚನಕ್ಕೆ ಇಳಿದದ್ದಕ್ಕೇ ಜಗಳ ಹುಟ್ಟಿರಬಹುದು ಎನ್ನುವುದು ಓದುಗರಿಗೆ ಹೊಳೆಯುವುದೇ ಇಲ್ಲ. ನಂಟಿನ ಪದಗಳೂ ಹೀಗೆಯೇ ಸೋರಿಹೋಗುತ್ತವೆ. ಅಕ್ಕನನ್ನು ಹೆಣ್ಣುಮಕ್ಕಳು ಒನ್ನಿ ಎಂದೂ ಗಂಡುಮಕ್ಕಳು ನೂನಾ ಎಂದೂ ಕರೆಯುತ್ತಾರೆ. ಮಕ್ಕಳಾದ ಮೇಲೆ ಹೆಂಗಸಿನ ಹೆಸರು ಮರೆಯಾಗಿ 'ಇಂಥವನ ಅಮ್ಮ' ಎಂದಾಗುವುದು ಅಲ್ಲೂ ಉಂಟು. ಇದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೊಂದು ಉಪಾಯವಿದೆ. ಪ್ರತಿ ಅಧ್ಯಾಯವನ್ನು ಎರಡು ಸಲ ಓದಿ. ಮೊದಲ ಸಲ ಮಾತು, ಎರಡನೆಯ ಸಲ ಮಾತನ್ನು ಬಿಟ್ಟು ಬರೀ ಚಿತ್ರ. ಲೋಟಕ್ಕೆ ಮದ್ಯ ಸುರಿಯುವಾಗ ಎರಡೂ ಕೈ ಹಿಡಿದಿದ್ದಾರೆಯೇ, ಹಿರಿಯರ ಮುಂದೆ ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿದೆಯೇ, ತಲೆ ಎಷ್ಟು ಬಾಗಿದೆ, ಗಮನಿಸಿ. ಯಾರು ಯಾರಿಗೆ 'ನೀವು' ಅನ್ನುತ್ತಿದ್ದಾರೆ ಎನ್ನುವುದರ ಸುಳಿವು ಅಲ್ಲಿ ಸಿಗುತ್ತದೆ. ಹಾಗೆ ಓದಿದಾಗ ಸಪ್ಪೆ ಎನಿಸಿದ್ದ ಎಷ್ಟೋ ಪುಟಗಳು ಬಿಗಿಯಾಗುತ್ತವೆ. ಸಾಧ್ಯವಾದರೆ ಹಂಗುಲ್ ಲಿಪಿಯನ್ನೂ ಕಲಿಯಿರಿ. ಮೂಲ ಅಕ್ಷರ 24, ವ್ಯಂಜನ 14, ಸ್ವರ 10. ಎರಡೂ ಸೇರಿ ಒಂದೇ ಗುಂಪಿನಲ್ಲಿ ಕೂರುವುದರಿಂದ ಕಾಗುಣಿತ ಬಲ್ಲವರಿಗೆ ಕಷ್ಟವಲ್ಲ. ಚಿತ್ರದೊಳಗೆ ಕೊರಿಯನ್ನಿನಲ್ಲೇ ಉಳಿದ ಅಂಗಡಿ ಬೋರ್ಡು, ಸದ್ದಿನ ಪದಗಳು ಆಗ ಬಾಯಿ ಬಿಡುತ್ತವೆ. ದಡದಡ, ಪಟಪಟದಂಥ ಜೋಡಿಪದಗಳು ಕೊರಿಯನ್ನಿನಲ್ಲೂ ಧಾರಾಳ.

'ಅನ್‌ಕಂಫರ್ಟಬ್ಲಿ ಹ್ಯಾಪಿಲಿ' 576 ಪುಟದ ಪುಸ್ತಕ. ಸಿಯೋಲ್ ಬಿಟ್ಟು ಬೆಟ್ಟದ ಮನೆಗೆ ಹೋಗುವ ದಂಪತಿಯ ಕಥೆ, ಹಾಂಗ್ ಯೊನ್-ಶಿಕ್ ಅವರದು. ಚಳಿ, ಹಣದ ಚಿಂತೆ, ಮುಗಿಯದ ಕೆಲಸದ ಗಡುವು ಮರಳಿ ಮರಳಿ ಬರುತ್ತವೆ. ನಡುವೆ ಎಳೆದಂತೆ ಅನಿಸುವುದು ನಿಜ, ಆದರೂ ಹಾರಿಸಬೇಡಿ. ಕೊರಿಯಾದ ಕಥೆಗಳಲ್ಲಿ ಮನೆ ಹುಡುಕುವ ಮಾತು ಬಂದಾಗ ಎರಡು ಪದ ನೆನಪಿರಲಿ. ದೊಡ್ಡ ಮೊತ್ತ ಇಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವುದು ಜೊನ್ಸೆ. ಬೆಂಗಳೂರಿನವರಿಗೆ ಇದು ಗೊತ್ತಿರುವ ಲೀಸ್, ಅಂದರೆ ಭೋಗ್ಯ. ಅಡ್ವಾನ್ಸ್ ಜೊತೆ ತಿಂಗಳ ಬಾಡಿಗೆಯೂ ಇದ್ದರೆ ವೊಲ್ಸೆ.

'ಗ್ರಾಸ್' ಅನ್ನು ಮಾತ್ರ ಒಂದೇ ರಾತ್ರಿ ಓದಿ ಮುಗಿಸಬೇಡಿ. ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಕ್ಕಿದ ಲೀ ಓಕ್-ಸುನ್ ಅವರ ಬಾಳನ್ನು ಕುಮ್ ಸುಕ್ ಜೆಂಡ್ರಿ-ಕಿಮ್ 480 ಪುಟಗಳಲ್ಲಿ ಕುಂಚದ ಮಸಿಯಿಂದ ಬರೆದಿದ್ದಾರೆ. ಕೊರಿಯನ್ನಿನಲ್ಲಿ 2017, ಇಂಗ್ಲಿಷಿನಲ್ಲಿ 2019. ಅತ್ಯಾಚಾರದ ಘಟ್ಟಕ್ಕೆ ಬಂದಾಗ ಅವರು ದೇಹವನ್ನು ತೋರಿಸುವುದಿಲ್ಲ, ಚೌಕಟ್ಟುಗಳು ಕಪ್ಪಾಗುತ್ತವೆ. ಆ ಸಂಯಮಕ್ಕೆ ಮನಸ್ಸು ಬಾಗುತ್ತದೆ. ಇದನ್ನು ಮುದ್ರಿತ ಪ್ರತಿಯಲ್ಲೇ ಓದಿ. ಫೋನಿನ ಪರದೆಗೆ ಕುಗ್ಗಿದಾಗ ಮಸಿಯ ತೆಳು ಬೂದು ಕಾಣುವುದಿಲ್ಲ, ಎರಡು ಪುಟಕ್ಕೆ ಹರಡಿದ ಮರ-ಬಯಲು ಇಬ್ಭಾಗವಾಗುತ್ತವೆ. ದಪ್ಪ ಪುಸ್ತಕವಾದ್ದರಿಂದ ಮೇಜಿನ ಮೇಲಿಟ್ಟು ಮೆಲ್ಲಗೆ ಬಿಡಿಸಿ. ಬಲವಂತವಾಗಿ ಮಡಚಿದರೆ ಬೆನ್ನು ಸೀಳಿ ಹಾಳೆ ಕಳಚುತ್ತದೆ.

ಅಂಕೋ ಅವರ 'ಬ್ಯಾಡ್ ಫ್ರೆಂಡ್ಸ್' ಫ್ರಾನ್ಸಿನ ಅಂಗುಲೇಮ್ ಕಾಮಿಕ್ಸ್ ಉತ್ಸವದಲ್ಲಿ 2017ರ ಹೊಸ ಪ್ರತಿಭೆಯ ಪ್ರಶಸ್ತಿ ಪಡೆದದ್ದು. ಹದಿಹರೆಯದ ಹುಡುಗಿಯರ ಮೇಲೆ ಅಪ್ಪಂದಿರ, ಶಿಕ್ಷಕರ ಹೊಡೆತ ಇದರಲ್ಲಿ ಮುಚ್ಚುಮರೆಯಿಲ್ಲದೆ ಇದೆ. ಹುಡುಗಿಯರ ಕಥೆ ಎಂದು ಮಕ್ಕಳ ಕೈಗೆ ಕೊಡುವ ಮುನ್ನ ನೀವೇ ಓದಿ.

ಫೋನಿನಲ್ಲೇ ಓದಬೇಕೆಂದರೆ ವೆಬ್‌ಟೂನ್, ಅಂದರೆ ಪರದೆಯ ಮೇಲೆ ಕೆಳಕ್ಕೆ ಜಾರಿಸುತ್ತ ಓದಲೆಂದೇ ಬರೆದ ಕಾಮಿಕ್ಸ್ ಆರಿಸಿ. ಅಲ್ಲಿ ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗವೇ ಕಾಲ. ಬೆರಳು ಜಾರಿಸಿದಷ್ಟೂ ಮೌನ ಉದ್ದವಾಗುತ್ತದೆ. ಅವನ್ನು ಮುದ್ರಣಕ್ಕೆ ಒಗ್ಗಿಸಿದಾಗ ಆ ಅಂತರ ಕುಗ್ಗಿ ಕಥೆ ಓಡಿದಂತೆ ಕಾಣುತ್ತದೆ. ಸೂ ಶಿನ್-ಜಿ ಅವರ 'ಮ್ಯೊನುರಾಗಿ' 2017ರಲ್ಲಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ಕಂತುಗಳಾಗಿ ಬಂದದ್ದು. ಅತ್ತೆಮನೆಯ ಮೆಚ್ಚುಗೆಗಾಗಿ ಹೊಸ ಸೊಸೆ ಹಂಬಲಿಸುವ ಘಟ್ಟಕ್ಕೆ ಆ ಹೆಸರು. ಸೊಸೆ ಮಿನ್ ಸಾ-ರಿನ್ ಗಂಡನ ಮನೆಯ ಹಿರಿಯರ ಪೂಜೆಗೆ, ಅದನ್ನು ಜೆಸಾ ಅನ್ನುತ್ತಾರೆ, ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಎಡೆ ಇಡುವ ಮನೆಗಳಲ್ಲಿ ಬೆಳೆದವರಿಗೆ ಅಲ್ಲಿ ಅಡಿಟಿಪ್ಪಣಿಯೇ ಬೇಡ.