ಬ್ಯಾಲಸ್ಟ್ ಚೀಲದ ಅಡಿಗೆ ಜಾಲರಿ ಹಾಸು: ಒಂದು ಬೇಸಿಗೆ ಬಳಸಿದ ಮೇಲೆ

ಅಮೆರಿಕದ ಮಿನ್ನೆಸೋಟದ ಮಿನ್ನೆಟಾಂಕಾ ಸರೋವರದಲ್ಲಿ ನಮ್ಮ ಕುಟುಂಬ ಬಳಸುವ 21 ಅಡಿಯ ವೇಕ್‌ಬೋರ್ಡ್ ದೋಣಿಯ ಹಿಂಭಾಗದಲ್ಲಿ, ಎಂಜಿನ್ನಿನ ಎರಡೂ ಪಕ್ಕದ ಲಾಕರುಗಳಲ್ಲಿ, ತಲಾ 750 ಪೌಂಡಿನ ಬ್ಯಾಲಸ್ಟ್ ಚೀಲಗಳು, ಅಂದರೆ ದೋಣಿಗೆ ಭಾರ ಕೊಡಲು ನೀರು ತುಂಬಿಸುವ ಚೀಲಗಳು, ಇವೆ. ಹಲಗೆಯ ಮೇಲೆ ನಿಂತು ಹಗ್ಗ ಹಿಡಿದು ಹಿಂದೆ ಬರುವ ಸವಾರನಿಗೆ ಎತ್ತರದ ಅಲೆ ಸಿಗಬೇಕಾದರೆ ದೋಣಿಯ ಹಿಂಬದಿ ನೀರಿನಲ್ಲಿ ತಗ್ಗಬೇಕು. ಅದಕ್ಕಾಗಿ ಪಂಪು ಸರೋವರದ ನೀರನ್ನೇ ಎಳೆದು ಚೀಲವೊಂದಕ್ಕೆ ಸುಮಾರು 340 ಲೀಟರಿನಷ್ಟು ತುಂಬಿಸುತ್ತದೆ, ಆಟ ಮುಗಿದ ಮೇಲೆ ಹೊರಗೆ ಚೆಲ್ಲುತ್ತದೆ. ಖಾಲಿಯಾದ ಚೀಲ ಮಾತ್ರ ಅಲ್ಲಿಯೇ, ಫೈಬರ್‌ಗ್ಲಾಸ್ ನೆಲಕ್ಕೆ ಒದ್ದೆ ಬಟ್ಟೆಯಂತೆ ಅಂಟಿಕೊಂಡು ಬಿದ್ದಿರುತ್ತದೆ. ಅದರ ಅಡಿಗೆ ಗಾಳಿ ಹೋಗುವುದಿಲ್ಲ. ಈ ವಿಮರ್ಶೆ ಆ ಅಡಿಭಾಗವನ್ನು ಒಣಗಿಸಲು ನಾನು ಕೊಂಡ, ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಜಾಲರಿ ಬಿಲ್ಲೆಗಳ ಬಗ್ಗೆ.

ಕೊಳ್ಳುವ ಮೊದಲು ನಾನು ಕಂಡದ್ದನ್ನು ಹೇಳಬೇಕು. ದೋಣಿಯನ್ನು ಕೊಂಡ ವರ್ಷ ಒಂದು ಅಂಗಡಿಯವರಿಗೆ ಹಣ ಕೊಟ್ಟು ಒಳಭಾಗವನ್ನೆಲ್ಲ ಸ್ವಚ್ಛಗೊಳಿಸಿದ್ದೆ. ಸೀಟುಗಳು ಹೊಳೆಯುತ್ತಿದ್ದವು, ಚೀಲಗಳ ಮೇಲ್ಮೈ ಕೂಡ ಹೊಳೆಯುತ್ತಿತ್ತು, ಆದರೆ ಲಾಕರ್ ತೆರೆದಾಗಲೆಲ್ಲ ಮಲೆನಾಡಿನ ಮಳೆಗಾಲದಲ್ಲಿ ಹಾಸಿಗೆ ಪೆಟ್ಟಿಗೆಯಿಂದ ಬರುವಂಥ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಕೊನೆಗೆ ನಾನೇ ಪೈಪುಗಳನ್ನು ಬಿಚ್ಚಿ ಎಡಗಡೆಯ ಚೀಲವನ್ನು ಹೊರಗೆಳೆದೆ. ಅಡಿಯಲ್ಲಿದ್ದ ತೆಳು ಕಾರ್ಪೆಟ್ ಕಪ್ಪಗೆ ಬೂಷ್ಟು ಹಿಡಿದಿತ್ತು. ಮರಳು, ಕೊಳೆತ ಎಲೆ, ತುಕ್ಕು ಹಿಡಿದ ಒಂದು ಸ್ಕ್ರೂ, ಯಾರೋ ಕತ್ತರಿಸಿ ಬಿಟ್ಟ ಪ್ಲಾಸ್ಟಿಕ್ ಟೈನ ಚೂಪಾದ ತುಂಡು ಅಲ್ಲಿದ್ದವು. ನೀರು ಹರಿದು ಬಿಲ್ಜಿಗೆ, ಅಂದರೆ ದೋಣಿಯ ತಳದ ಗುಂಡಿಗೆ, ಸೇರಬೇಕಾದ ಕಿರುಬೆರಳಿನ ಗಾತ್ರದ ರಂಧ್ರಕ್ಕೆ ಎಲೆಯ ಚೂರುಗಳು ಬಿರಡೆಯಂತೆ ಕೂತಿದ್ದವು. ಅದರ ಹಿಂದೆ ಎರಡು ಬೆರಳು ಆಳದಷ್ಟು ನೀರು ಎಷ್ಟು ದಿನಗಳಿಂದ ನಿಂತಿತ್ತೋ. ಚೀಲವನ್ನು ಎತ್ತದೆ ಮಾಡಿದ ಸ್ವಚ್ಛತೆಯನ್ನು ನಾನು ಇನ್ನು ಮುಂದೆ ಸ್ವಚ್ಛತೆ ಎಂದು ಒಪ್ಪುವುದಿಲ್ಲ.

ಕಾರ್ಪೆಟ್ಟನ್ನು ಕಿತ್ತೆಸೆದು, ನೆಲವನ್ನು ಪಾತ್ರೆ ತೊಳೆಯುವ ಸೌಮ್ಯ ಸೋಪಿನಿಂದ ಉಜ್ಜಿ, ಕಲೆ ಉಳಿದಲ್ಲಿ ಬಿಳಿ ವಿನೆಗರ್ ಹಚ್ಚಿದೆ. ಬ್ಲೀಚ್ ಬಳಸುವವರು ಅದನ್ನು ವಿನೆಗರಿನೊಡನೆ ಎಂದೂ ಬೆರೆಸಬಾರದು. ಹೊರಬರುವುದು ಕ್ಲೋರಿನ್ ಅನಿಲ, ಇಕ್ಕಟ್ಟಾದ ಲಾಕರಿನೊಳಗೆ ತಲೆ ಹಾಕಿ ಕೆಲಸ ಮಾಡುವವರಿಗೆ ಅದು ಪ್ರಾಣಾಪಾಯ. ನಿಂತ ನೀರು ತೆಗೆಯಲು ವ್ಯಾಕ್ಯೂಮ್ ಬಳಸುವಾಗಲೂ ಎಚ್ಚರ ಬೇಕು. ಪಕ್ಕದಲ್ಲೇ ಪೆಟ್ರೋಲ್ ಎಂಜಿನ್ ಇದೆ, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ತಳದಲ್ಲಿ ಕೂರುತ್ತದೆ, ಮನೆಬಳಕೆಯ ಮೋಟಾರಿನ ಒಂದು ಕಿಡಿ ಸಾಕು. ಎಂಜಿನ್ ಚಾಲೂ ಮಾಡುವ ಮೊದಲು 4 ನಿಮಿಷ ಬ್ಲೋವರ್, ಅಂದರೆ ಆವಿಯನ್ನು ಹೊರದೂಡುವ ಫ್ಯಾನ್, ಓಡಿಸಬೇಕೆಂದು ಇಂಥ ದೋಣಿಗಳ ಮೇಲೆ ಬರೆದಿರುವುದು ಇದೇ ಕಾರಣಕ್ಕೆ. ನಾನು ಎಂಜಿನ್ ಮುಚ್ಚಳ ತೆರೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಪೆಟ್ರೋಲಿನ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ವ್ಯಾಕ್ಯೂಮನ್ನು ದೋಣಿಯ ಹೊರಗೆ ಕೆಳಗೆ ನೆಲದ ಮೇಲಿಟ್ಟು ಉದ್ದ ಪೈಪನ್ನು ಮಾತ್ರ ಒಳಗೆ ಬಿಟ್ಟೆ.

ಇನ್ನು ಬಿಲ್ಲೆಗಳ ವಿಚಾರ. ಒಂದೊಂದೂ ಒಂದು ಚದರ ಅಡಿ, ದಪ್ಪ ಸುಮಾರು ಅರ್ಧ ಅಂಗುಲ, ಮೇಲೆ ತೂತುಗಳ ಜಾಲರಿ, ಕೆಳಗೆ ಪುಟ್ಟ ಕಾಲುಗಳು. ನನಗೆ 16 ಬೇಕಾದವು. ಖರ್ಚು ದೋಣಿಯ ಟ್ಯಾಂಕ್ ಒಮ್ಮೆ ತುಂಬಿಸುವುದಕ್ಕಿಂತ ಕಡಿಮೆ. ಊರಿನಲ್ಲಿ ಅಕ್ಕಿ ಮೂಟೆಯನ್ನು ನೆಲದ ಥಂಡಿ ತಾಗದಂತೆ ಹಲಗೆಯ ಮೇಲೆ ಇಡುತ್ತಾರಲ್ಲ, ತತ್ವ ಅದೇ. ಚೀಲ ತುಂಬಿದಾಗ 340 ಕಿಲೋ ಭಾರ ಬಿದ್ದರೂ ಕಾಲುಗಳು ಚಪ್ಪಟೆಯಾಗಲಿಲ್ಲ. ಬೇಸಿಗೆಯ ಕೊನೆಗೆ ಎತ್ತಿ ನೋಡಿದಾಗಲೂ ಅರ್ಧ ಅಂಗುಲದ ಸಂದು ಹಾಗೆಯೇ ಇತ್ತು. ಬಲಗಡೆ ಬಿಲ್ಲೆ ಹಾಸಿ, ಎಡಗಡೆ ಬರಿ ನೆಲದ ಮೇಲೆ ಚೀಲವಿಟ್ಟು ಜೂನ್ ತಿಂಗಳಿಡೀ ಹೋಲಿಸಿದೆ. ಮುಚ್ಚಳ ತೆರೆದು ಚಿಕ್ಕ ಫ್ಯಾನ್ ಬೀಸುವಂತೆ ಮಾಡಿದರೆ ಬಲಗಡೆ ಎರಡನೆಯ ದಿನ ಕೈಯಿಟ್ಟಾಗ ಒಣಗಿರುತ್ತಿತ್ತು. ಎಡಗಡೆ ನಾಲ್ಕನೆಯ ದಿನವೂ ಅಂಗೈಗೆ ತೇವ ತಾಗುತ್ತಿತ್ತು. ಜುಲೈಯಲ್ಲಿ ಎಡಗಡೆಗೂ ಹಾಸಿದೆ. ವಾಸನೆ ಹೋಯಿತು.

ದೋಷಗಳಿವೆ. ಲಾಕರಿನ ಆಕಾರಕ್ಕೆ ಕತ್ತರಿಸಿದ ಅಂಚುಗಳು ಹರಿತವಾಗಿರುತ್ತವೆ. ಅವು ಚೀಲಕ್ಕೆ ಉಜ್ಜಿದರೆ ತೂತು ಖಂಡಿತ, ಆದ್ದರಿಂದ ಪ್ರತಿಯೊಂದು ಅಂಚನ್ನೂ ಅರದಿಂದ ತೀಡಿ ಬೆರಳು ಸವರಿ ನೋಡಬೇಕಾಯಿತು. ಜಾಲರಿಯ ತೂತುಗಳಲ್ಲಿ ಮರಳು ಇಳಿದು ಕಾಲುಗಳ ನಡುವೆ ಸೇರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ತೊಳೆಯುವ ಕೆಲಸ ತಪ್ಪುವುದಿಲ್ಲ. ಮಾರುವವರ ವಿವರಣೆಯಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ, ಇರಬೇಕಿತ್ತು. ನೀರು ಹರಿಯುವ ರಂಧ್ರದ ಮುಂದೆ ಬಿಲ್ಲೆಯ ಒಂದು ಮೂಲೆ ಕತ್ತರಿಸಿ ಜಾಗ ಬಿಡಬೇಕು, ಇಲ್ಲದಿದ್ದರೆ ಮತ್ತೆ ಹಳೆಯ ಕಥೆಯೇ.

ಒಣಗಿಸುವ ಮಾತು ವಾಸನೆಗಷ್ಟೇ ಸಂಬಂಧಿಸಿದ್ದಲ್ಲ. ಮಿನ್ನೆಟಾಂಕಾದಲ್ಲಿ 2010ರಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಕಾಣಿಸಿಕೊಂಡಿತು. ಅದರ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಚೀಲದಲ್ಲಿ ಉಳಿದ ನೀರಿನಲ್ಲಿಯೂ ಲಾಕರಿನ ಮೂಲೆಯ ನೀರಿನಲ್ಲಿಯೂ ಸವಾರಿ ಮಾಡಿ ಇನ್ನೊಂದು ಸರೋವರ ಸೇರಬಲ್ಲವು. ಸರೋವರದಿಂದ ದೋಣಿಯನ್ನು ರಸ್ತೆಗೆ ತರುವಾಗ ನೀರೆಲ್ಲ ಬಸಿದು ಡ್ರೈನ್ ಪ್ಲಗ್, ಅಂದರೆ ತಳದ ರಂಧ್ರದ ಬಿರಡೆ, ತೆಗೆದಿರಬೇಕೆಂಬುದು ಇಲ್ಲಿನ ಕಾನೂನು. ಬೇರೆ ಸರೋವರಕ್ಕೆ ಇಳಿಸುವ ಮೊದಲು ಕನಿಷ್ಠ 5 ದಿನ ಒಣಗಿಸಿ ಎಂಬುದು ಸಲಹೆ. ಅಡಿಭಾಗ ನಾಲ್ಕು ದಿನವಾದರೂ ಒಣಗದ ದೋಣಿಗೆ ಆ 5 ದಿನ ಯಾವ ಲೆಕ್ಕ? ಬಿಲ್ಲೆ ಹಾಸಿದ ಮೇಲೆ ಆ ಸಲಹೆಯನ್ನು ನಾನು ನೆಮ್ಮದಿಯಿಂದ ಪಾಲಿಸುತ್ತಿದ್ದೇನೆ. ಆದರೆ ಚೀಲದ ಒಳಗಿನ ನೀರಿಗೆ ಈ ಹಾಸು ಏನೂ ಮಾಡುವುದಿಲ್ಲ. ಪಂಪು ನಿಂತ ಮೇಲೂ ಮಡಿಕೆಗಳಲ್ಲಿ ಉಳಿಯುವ ನೀರನ್ನು ಪೈಪು ಬಿಚ್ಚಿ, ಚೀಲವನ್ನು ಒಂದು ತುದಿಯಿಂದ ಸುರುಳಿ ಸುತ್ತಿಯೇ ಹೊರಹಾಕಬೇಕು.

ಬಳಸಿದ ದೋಣಿ ಕೊಂಡವರು ಇದನ್ನು ಧಾರಾಳವಾಗಿ ಕೊಳ್ಳಬಹುದು, ಮೊದಲು ಚೀಲ ಎತ್ತಿ ತೊಳೆದಿದ್ದರೆ ಮಾತ್ರ. ಮುಂಭಾಗದ ಸೀಟಿನಡಿಯ ಚೀಲಕ್ಕೆ ನಾನಿನ್ನೂ ಹಾಸಿಲ್ಲ. ಅಲ್ಲಿ ತಳ ಬಾಗಿರುವುದರಿಂದ ಬಿಲ್ಲೆಗಳನ್ನು ಅರ್ಧರ್ಧ ಕತ್ತರಿಸಬೇಕು. ಅದಕ್ಕಾಗಿ ಇನ್ನೂ 6 ತರಿಸಿಟ್ಟಿದ್ದೇನೆ, ಮಂಜು ಕರಗಿದ ಮೇಲೆ ಆ ಕೆಲಸ.