ಯೂವರ್ಷನ್ ಬೈಬಲ್ ಆ್ಯಪ್: ಓದಿಸುತ್ತದೆ, ಪಾಪ ಬಿಡಿಸುವುದಿಲ್ಲ

ಒಂದು ಕೆಟ್ಟ ಚಾಳಿ ಬಿಡಬೇಕು, ಮೊಬೈಲ್ ಹುಚ್ಚು ಇಳಿಯಬೇಕು, ವಿಶ್ವಾಸದಲ್ಲಿ ಬೆಳೆಯಬೇಕು ಎನ್ನುವವರಿಗೆ ಈಗ ಸುಲಭವಾಗಿ ಸಿಗುವ ಸಲಹೆ ‘ಬೈಬಲ್ ಆ್ಯಪ್ ಹಾಕಿಕೊಳ್ಳಿ’. ಹೆಚ್ಚಿನವರು ಹೇಳುವುದು ಯೂವರ್ಷನ್ ಬಗ್ಗೆ. ಅಮೆರಿಕದ ಒಕ್ಲಹೋಮಾದ ಲೈಫ್ ಚರ್ಚ್ 2008ರಲ್ಲಿ ಹೊರತಂದ ಆ್ಯಪ್ ಇದು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವೂ ಇಲ್ಲ. ಸತ್ಯವೇದ ಓದುವುದಕ್ಕೆ ತುಂಬ ಅನುಕೂಲ. ಪಾಪದ ಜೊತೆ ಹೋರಾಡುವವರಿಗೆ ಎಷ್ಟರಮಟ್ಟಿಗೆ ನೆರವಾದೀತು ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ, ಅಂದರೆ ಸಭೆಯಲ್ಲಿ ಕೇಳಿ ಅಭ್ಯಾಸವಾದ ಭಾಷೆ, ಬಾಯಿಪಾಠಕ್ಕೆ ಚೆನ್ನ. ಹೊಸ ಒಡಂಬಡಿಕೆಯ ಪತ್ರಗಳ ಉದ್ದ ವಾಕ್ಯಗಳಲ್ಲಿ ಎಡವುವವರು ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಅನುವಾದ ತೆರೆಯಲಿ. ಕೊಲೊಸ್ಸೆ 3 ಮತ್ತು ಎಫೆಸ 4ನ್ನು ಎರಡರಲ್ಲೂ ಓದುವುದು ಒಳ್ಳೆಯದು. ಹಳೆಯ ಸ್ವಭಾವವನ್ನು ತೆಗೆದುಹಾಕಿ ಹೊಸದನ್ನು ಧರಿಸಿಕೊಳ್ಳುವ ಮಾತು ಅಲ್ಲಿ ಪಟ್ಟಿ ಸಮೇತ ಬರುತ್ತದೆ: ಸುಳ್ಳಿಗೆ ಬದಲು ಸತ್ಯ, ಕಳವಿಗೆ ಬದಲು ದುಡಿಮೆ.

ಕೈಕೊಡುವುದು ಹೆಚ್ಚಾಗಿ ಪ್ಲಾನ್‌ಗಳಲ್ಲಿ, ಅಂದರೆ ದಿನಕ್ಕಿಷ್ಟು ಎಂದು ಓದಿಸುವ ಯೋಜನೆಗಳಲ್ಲಿ. ಕೋಪ, ಕಾಮ, ಚಿಂತೆ ಎಂದು ವಿಷಯವಾರು ಹುಡುಕಿದರೆ ಮೂರು ದಿನದ್ದು, ಏಳು ದಿನದ್ದು ಸಿಗುತ್ತವೆ. ಕನ್ನಡದಲ್ಲಿ ಇಂಗ್ಲಿಷಿನಷ್ಟು ಇಲ್ಲ. ಜನ ಮಾಡುವ ಮೊದಲ ತಪ್ಪು ಒಟ್ಟಿಗೆ ಮೂರು ಪ್ಲಾನ್ ಶುರು ಮಾಡುವುದು. ಎರಡನೆಯದು, ಮೇಲಿನ ಧ್ಯಾನದ ಬರಹ ಓದಿ, ಕೆಳಗೆ ಕೊಟ್ಟಿರುವ ವಾಕ್ಯಭಾಗ ತೆರೆಯದೇ ಟಿಕ್ ಹಾಕುವುದು. ಸಿಟ್ಟಿನ ಕುರಿತ ನಾಲ್ಕು ಪ್ಲಾನ್ ಮುಗಿಸಿಯೂ ಮನೆಯವರ ಮೇಲೆ ಹರಿಹಾಯುವುದು ನಿಂತಿರುವುದಿಲ್ಲ. ವರ್ಷಕ್ಕೆ ಇಡೀ ಬೈಬಲ್ ಎಂದು ಹೊರಟರೆ 1189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು. ಮೂರನೆಯ ಪುಸ್ತಕ ಯಾಜಕಕಾಂಡ ಬರುವಷ್ಟರಲ್ಲಿ ಬಾಕಿ ಬೆಳೆದಿರುತ್ತದೆ. ಹೊಸ ಒಡಂಬಡಿಕೆಯ 260 ಅಧ್ಯಾಯಗಳನ್ನು ವಾರಕ್ಕೆ ಐದರಂತೆ ಹಿಡಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತವೆ, ಎರಡು ದಿನ ಬಿಡುವೂ ಸಿಗುತ್ತದೆ. ಈ ಲೆಕ್ಕಕ್ಕೆ ಆ್ಯಪ್‌ನ ಪ್ಲಾನೇ ಬೇಕೆಂದಿಲ್ಲ.

ಇನ್ನು ಸ್ಟ್ರೀಕ್. ಸತತವಾಗಿ ಎಷ್ಟು ದಿನ ಆ್ಯಪ್ ತೆರೆದಿರಿ ಎಂಬ ಲೆಕ್ಕ ಅದು. ತೆರೆದದ್ದನ್ನು ಎಣಿಸುತ್ತದೆ, ಪಾಪದಲ್ಲಿ ಬಿದ್ದದ್ದನ್ನಲ್ಲ. ಅದೇ ದಿನ ರಾತ್ರಿ ಎರಡು ಗಂಟೆ ನೋಡಬಾರದ್ದನ್ನು ನೋಡಿದ್ದರೂ ಸ್ಟ್ರೀಕ್ ಮುರಿಯುವುದಿಲ್ಲ. 16ನೇ ಶತಮಾನದ ಕಥೋಲಿಕ ಸಂತ ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆ ಇದಕ್ಕೆ ನೇರ ಉಲ್ಟಾ. ಒಂದೇ ಒಂದು ಪಾಪವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಏಳುತ್ತಲೇ ಅದರ ವಿಷಯದಲ್ಲಿ ಎಚ್ಚರವಾಗಿರುವೆನೆಂದು ನಿಶ್ಚಯ. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಗಂಟೆ ಗಂಟೆಯನ್ನೂ ನೆನೆದು, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕೆ. ದಿನಕ್ಕೆ ಎರಡು ಸಾಲು. ನಿನ್ನೆಗೂ ಇಂದಿಗೂ, ಕಳೆದ ವಾರಕ್ಕೂ ಈ ವಾರಕ್ಕೂ ಹೋಲಿಸಬೇಕು. ಪ್ರೊಟೆಸ್ಟೆಂಟ್ ಸಭೆಯವರಿಗೂ ಇದರಲ್ಲಿ ಅಡ್ಡಿಯೇನೂ ಕಾಣದು. ಒಂದು ಚಿಕ್ಕ ನೋಟ್‌ಬುಕ್ ಸಾಕು. ಚುಕ್ಕೆಗಳು ರಾತ್ರಿಯ ಸಾಲಿನಲ್ಲೇ ಗುಂಪಾಗಿದ್ದರೆ ಕಾವಲು ಎಲ್ಲಿ ಬೇಕೆಂದು ಗೊತ್ತಾಗುತ್ತದೆ. ಆ್ಯಪ್‌ನಲ್ಲಿ ಟಿಪ್ಪಣಿ ಬರೆಯಬಹುದು ನಿಜ, ಆದರೆ ಯಾರಿಗೆ ಕಾಣಬೇಕೆಂಬ ಆಯ್ಕೆ ‘ಖಾಸಗಿ’ ಎಂದಿದೆಯೋ ಇಲ್ಲವೋ ಪ್ರತಿ ಸಲ ನೋಡಬೇಕು. ಇಂಥ ಬರಹಕ್ಕೆ ಕಾಗದವೇ ವಾಸಿ.

ಪಾಪದ ಜೊತೆಗೆ ಭಾರವನ್ನೂ ತೆಗೆದಿಡಿ ಎನ್ನುತ್ತದೆ ಇಬ್ರಿಯ 12:1. ರೀಲ್ಸ್, ಕ್ರಿಕೆಟ್ ಸ್ಕೋರು, ವಾಟ್ಸ್ಆ್ಯಪ್ ಗುಂಪು ಪಾಪವಲ್ಲದಿದ್ದರೂ ಭಾರವಂತೂ ಹೌದು, ಅವೆಲ್ಲ ಇರುವುದು ಈ ಆ್ಯಪ್ ಇರುವ ಫೋನಿನಲ್ಲೇ. ‘ದಿನದ ವಚನ’ದ ನೋಟಿಫಿಕೇಶನ್ ಒತ್ತಲು ಫೋನ್ ಎತ್ತಿದರೆ ಅದರ ಮೇಲೆ ಇನ್ನೂ ಆರು ಕಾದಿರುತ್ತವೆ. ವಚನದ ಚಿತ್ರವನ್ನು ಸ್ಟೇಟಸ್‌ಗೆ ಹಾಕಲು ಹೋದವರು ಅಲ್ಲೇ ಉಳಿದುಬಿಡುತ್ತಾರೆ. ಆದ್ದರಿಂದ ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ರಿಮೈಂಡರ್ ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ಆಫ್ ಮಾಡಿ. ಬೇಕಾದ ಅನುವಾದವನ್ನು ಡೌನ್‌ಲೋಡ್ ಮಾಡಿಕೊಂಡು ಓದುವಾಗ ಏರೋಪ್ಲೇನ್ ಮೋಡ್ ಹಾಕಿ. ಎಲ್ಲ ಅನುವಾದಕ್ಕೂ ಡೌನ್‌ಲೋಡ್ ಇರುವುದಿಲ್ಲ, ಗುರುತು ನೋಡಿ ಆರಿಸಿ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಫೋಕಸ್ ಮೋಡ್ ತೆರೆದು ಇನ್‌ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್ಆ್ಯಪ್‌ಗಳನ್ನು ಗುರುತಿಸಿ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಶೆಡ್ಯೂಲ್ ಮಾಡಬಹುದು. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್‌ನ ಡೌನ್‌ಟೈಮ್ ಇದೇ ಕೆಲಸಕ್ಕೆ. ಯೂವರ್ಷನ್ ತಾನಾಗಿ ಏನನ್ನೂ ತಡೆಯುವುದಿಲ್ಲ. ಬೈಬಲ್ ಆ್ಯಪ್ ಇದ್ದಮೇಲೆ ಮಗನ ಫೋನ್ ಸುರಕ್ಷಿತ ಎಂದುಕೊಳ್ಳುವ ತಂದೆತಾಯಿ ಇದನ್ನು ತಿಳಿದಿರಲಿ.

ಗೆಳೆಯರ ಜೊತೆ ಪ್ಲಾನ್ ಓದುವ ಸೌಲಭ್ಯ ಇದರಲ್ಲಿನ ಅತ್ಯಂತ ಒಳ್ಳೆಯ ಭಾಗ, ಇಬ್ಬರು ಮೂವರಿಗಿಂತ ಹೆಚ್ಚಾಗದಿದ್ದರೆ. ಹತ್ತು ಜನರಾದರೆ ‘ಆಮೆನ್’ ಮತ್ತು ಕೈಮುಗಿದ ಚಿಹ್ನೆಗಳಷ್ಟೇ ಉಳಿಯುತ್ತವೆ. ಒಬ್ಬರಿಗೊಬ್ಬರು ಪಾಪ ಒಪ್ಪಿಕೊಳ್ಳಿ ಎಂದು ಯಾಕೋಬ 5:16 ಹೇಳುವ ಅರಿಕೆಗೆ ಇದನ್ನು ಬದಲಿಯಾಗಿ ಬಳಸಬೇಡಿ. ಸಭೆಯ ಒಬ್ಬ ಹಿರಿಯರನ್ನು, ಗಂಡಸರು ಗಂಡಸರನ್ನೇ, ಹೆಂಗಸರು ಹೆಂಗಸರನ್ನೇ, ವಾರಕ್ಕೊಮ್ಮೆ ಅರ್ಧ ಗಂಟೆ ಮುಖಾಮುಖಿ ಕಂಡು ಆ ಚುಕ್ಕೆಗಳ ಪುಟ ತೋರಿಸುವುದು ಬೇರೆಯೇ ಕೆಲಸ. ಕಥೋಲಿಕರಿಗೆ ಪಾಪನಿವೇದನೆ ಇದ್ದೇ ಇದೆ.

ಓದುವ ಶಿಸ್ತು ಬೇಕಾದವರಿಗೆ, ಬಸ್ಸು ಮೆಟ್ರೋದಲ್ಲಿ ಸಮಯ ಸಿಗುವವರಿಗೆ, ಕನ್ನಡ ಪ್ರತಿ ಸುಲಭವಾಗಿ ಸಿಗದ ಊರಿನಲ್ಲಿರುವವರಿಗೆ ಈ ಆ್ಯಪ್ ಧಾರಾಳವಾಗಿ ಹೇಳಬಹುದು. ರಾತ್ರಿಯ ಫೋನೇ ಬೀಳುವ ಜಾಗವಾಗಿದ್ದರೆ ಬೇಡ. ಅಂಥವರು ದೊಡ್ಡ ಅಕ್ಷರದ ಅಚ್ಚು ಸತ್ಯವೇದವನ್ನೂ ಒಂದು ಅಲಾರಂ ಗಡಿಯಾರವನ್ನೂ ಕೊಂಡು, ಚಾರ್ಜರನ್ನು ಹಾಲ್‌ಗೆ ಸಾಗಿಸಲಿ.