ಫೋರ್ ವೀಲ್ ಬೀಳದಿದ್ದರೆ ಹಬ್ ಬಿಚ್ಚುವ ಮೊದಲು ಈ ಕೈಪಂಪು

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್ ವೀಲ್ ಗುಂಡಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪವೇನೋ ಹತ್ತುತ್ತದೆ, ಮುಂದಿನ ಚಕ್ರ ಎಳೆಯುವುದಿಲ್ಲ. ಹಳೆಯ ಪಿಕಪ್‌ನ ಈ ದೂರಿಗೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಹಬ್ ಹೋಗಿದೆ, ಎರಡೂ ಬದಲಿಸಿ.' ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಹೀರಿದಾಗ ಆಗುವ ಸೆಳೆತದಿಂದ, ಲಾಕ್ ಆಗಿ ಮುಂದಿನ ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ ಈ ಹಬ್ ದುಬಾರಿ. ಹೋಗಿರುವುದು ಹಬ್ಬೋ, ಅಲ್ಲಿಗೆ ಹೋಗುವ ರಬ್ಬರ್ ಪೈಪೋ ಎಂಬುದನ್ನು ಗೇಜ್ ಇರುವ ಒಂದು ವ್ಯಾಕ್ಯೂಮ್ ಕೈಪಂಪು ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತದೆ. ಬ್ರೇಕ್ ಬ್ಲೀಡಿಂಗ್ (ಬ್ರೇಕ್ ಪೈಪಿನ ಗಾಳಿ ತೆಗೆಯುವ) ಕಿಟ್ ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ಬೆಲೆ ಸುಮಾರು 1,500ರಿಂದ 2,500 ರೂಪಾಯಿ.

ಕೊಳ್ಳುವಾಗ ಲೋಹದ ಮೈ ಇರುವುದನ್ನೇ ನೋಡಿ. ಪ್ಲಾಸ್ಟಿಕ್ಕಿನದು ಹಿಡಿಕೆಯ ಪಿನ್ನಿನ ಹತ್ತಿರ ಬೇಗ ಸಡಿಲವಾಗುತ್ತದೆ. ಗೇಜಿನಲ್ಲಿ, ವ್ಯಾಕ್ಯೂಮ್ ಅಳೆಯುವ ಮಾನವಾದ ಇಂಚು ಪಾದರಸದಲ್ಲಿ, 0ರಿಂದ 30ರ ಅಳತೆ ಇರಲಿ. ಕಿಟ್‌ನಲ್ಲಿ ಟಿ-ಜಾಯಿಂಟು, ಎರಡು ಮೂರು ಅಳತೆಯ ರಬ್ಬರ್ ಮೂತಿ, ದ್ರವ ಹಿಡಿಯುವ ಡಬ್ಬಿ, ಇಷ್ಟು ಬೇಕೇ ಬೇಕು. ಮನೆಗೆ ತಂದ ಕೂಡಲೇ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ 20 ಇಂಚಿನವರೆಗೆ ಎಳೆಯಿರಿ. ಒಂದು ನಿಮಿಷದೊಳಗೆ ಮುಳ್ಳು ಇಳಿದರೆ ಪಂಪೇ ಸೋರುತ್ತಿದೆ, ಹಿಂತಿರುಗಿಸಿ. ಸೋರುವ ಪಂಪಿನಿಂದ ಸೋರಿಕೆ ಹುಡುಕಲು ಹೊರಟರೆ ಒಳ್ಳೆಯ ಹಬ್ಬೂ ಕೆಟ್ಟದ್ದಾಗಿ ಕಾಣುತ್ತದೆ.

ಪಂಪು ಹಿಡಿಯುವ ಮೊದಲು ಒಂದು ಕೆಲಸ. ಸಮತಟ್ಟು ಜಾಗದಲ್ಲಿ ಫೋರ್ ಹೈ (ಫೋರ್ ವೀಲ್‌ನ ವೇಗದ ಗೇರು) ಹಾಕಿ, ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ. ಗೇರ್‌ನಲ್ಲೇ ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು (ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ಸುತ್ತಿದರೆ, ಎಂಜಿನ್ ಶಕ್ತಿಯನ್ನು ಮುಂದಿನ ಆಕ್ಸಲ್‌ಗೂ ಹಂಚುವ ಟ್ರಾನ್ಸ್‌ಫರ್ ಕೇಸ್ ಕೂಡಿಕೊಂಡೇ ಇಲ್ಲ. ಆಗ ನೋಡಬೇಕಾದದ್ದು ಅದನ್ನು ಕೂಡಿಸುವ ಶಿಫ್ಟ್ ಮೋಟರು, ವೈರಿಂಗು ಅಥವಾ ಲಿವರಿನ ಲಿಂಕೇಜು, ಪಂಪಿಗೆ ಅಲ್ಲಿ ಕೆಲಸವಿಲ್ಲ. ಶಾಫ್ಟು ಬಿಗಿಯಾಗಿದ್ದೂ ಚಕ್ರ ಎಳೆಯದಿದ್ದರೆ ಮಾತ್ರ ವ್ಯಾಕ್ಯೂಮ್ ಕಡೆಗೆ ಬನ್ನಿ.

ಮೊದಲು ಎಂಜಿನ್ ಕೊಡುವ ವ್ಯಾಕ್ಯೂಮ್ ಅಳೆಯಿರಿ: ಸೊಲೆನಾಯ್ಡಿಗೆ (ವ್ಯಾಕ್ಯೂಮನ್ನು ಬಿಡುವ, ತಡೆಯುವ ವಿದ್ಯುತ್ ಕವಾಟ) ಬರುವ ಪೈಪಿಗೆ ಟಿ-ಜಾಯಿಂಟು ಹಾಕಿ ಐಡ್ಲಿಂಗ್‌ನಲ್ಲಿ ಗೇಜು ನೋಡಿ. ಇಲ್ಲಿ ಎತ್ತರದ ಲೆಕ್ಕ ಮರೆಯಬಾರದು. ಮಂಗಳೂರಿನಲ್ಲಿ ಗಾಳಿಯ ಒತ್ತಡವೇ ಸುಮಾರು 30 ಇಂಚು, ಮಡಿಕೇರಿಯಲ್ಲಿ 26ರ ಆಸುಪಾಸು. ಕರಾವಳಿಯಲ್ಲಿ 26 ತೋರಿಸಿದ ಗಾಡಿ ಕೊಡಗಿನಲ್ಲಿ 22 ತೋರಿಸಿದರೆ ಎಂಜಿನ್ನಿನ ವ್ಯಾಕ್ಯೂಮ್ ಪಂಪು ಕೆಟ್ಟಿಲ್ಲ. ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೂ ಅದೇ ಪಂಪು. ಹಾಗಾಗಿ ನಿಜವಾಗಿಯೂ ವ್ಯಾಕ್ಯೂಮ್ ಕಡಿಮೆಯಾಗಿದ್ದರೆ ಬ್ರೇಕ್ ಪೆಡಲ್ಲೂ ಗಟ್ಟಿಯಾಗಿರುತ್ತದೆ. ಆಗ ಫೋರ್ ವೀಲ್ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ಸರಿಮಾಡಿಸಿ.

ಇನ್ನು ಪೈಪುಗಳು. ಸೊಲೆನಾಯ್ಡಿನಿಂದ ಹಬ್ ಕಡೆಗೆ ಹೋಗುವ ಪೈಪು ಕಳಚಿ, ಅಲ್ಲಿಂದ ಕೈಪಂಪಿನಲ್ಲಿ 15ರಿಂದ 20 ಇಂಚು ಎಳೆಯಿರಿ. ಮುಳ್ಳು ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು. ನಿಂತಿತೆಂದು ಪಂಪು ಕಳಚಬೇಡಿ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ. ಚಕ್ರದ ಹತ್ತಿರ ಬಗ್ಗುವ ರಬ್ಬರ್ ಪೈಪಿನ ಬಿರುಕು ನೇರವಾಗಿದ್ದಾಗ ಮುಚ್ಚಿಕೊಂಡಿದ್ದು, ಹೀಗೆ ತಿರುಗಿಸಿದಾಗಲೇ ಬಾಯಿ ಬಿಡುತ್ತದೆ. ಮುಳ್ಳು ಇಳಿದರೆ ಒಂದೊಂದೇ ಚಕ್ರದ ಪೈಪು ಕಳಚಿ ಬೇರೆಬೇರೆಯಾಗಿ ಎಳೆದು ನೋಡಿ. ಪೈಪು ಸೋರದೆ ಹಬ್ ಕಡೆ ಸೋರಿದರೂ ಅದು ಹಬ್ಬೇ ಆಗಬೇಕಿಲ್ಲ. ವ್ಯಾಕ್ಯೂಮ್ ಸ್ಟೇರಿಂಗ್ ನಕಲ್‌ನ (ಚಕ್ರ ಕೂರುವ, ಸ್ಟೇರಿಂಗ್ ಜೊತೆ ತಿರುಗುವ ಭಾಗ) ಒಳಗಿನ ಸೀಲುಗಳ ನಡುವಿನಿಂದ ಹಾದುಹೋಗುವ ಗಾಡಿಗಳಲ್ಲಿ ಸೀಲು ಸವೆದಿದ್ದರೂ ಗೇಜಿನಲ್ಲಿ ಹೀಗೆಯೇ ಕಾಣುತ್ತದೆ.

ಈ ಉಪಕರಣ ದಾರಿ ತಪ್ಪಿಸುವುದೂ ಇಲ್ಲೇ, ಹಾಗಾಗಿ ಗಮನಿಸಿ. ವೀಲ್ ಬೇರಿಂಗಿಗೆ ಗ್ರೀಸ್ ತುಂಬಿಸಿದ ಮೇಲೆ ಫೋರ್ ವೀಲ್ ನಿಂತಿದ್ದರೆ ಹೆಚ್ಚಾದ ಗ್ರೀಸ್ ವ್ಯಾಕ್ಯೂಮ್ ದಾರಿಯನ್ನೇ ಮುಚ್ಚಿರಬಹುದು. ಆಗ ಮುಳ್ಳು ಇಳಿಯುವುದೇ ಇಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಗುಟ್ಟಿರುವುದು ಹಿಡಿಕೆ ಒತ್ತಿದ ಲೆಕ್ಕದಲ್ಲಿ. ಒಂದೇ ಉದ್ದದ ಪೈಪಿನಿಂದ ಎಳೆದಾಗ ಒಂದು ಚಕ್ರಕ್ಕೆ ಏಳೆಂಟು ಸಲ ಒತ್ತಬೇಕಾಗಿ, ಇನ್ನೊಂದು ಎರಡೇ ಸಲಕ್ಕೆ 20 ಮುಟ್ಟಿದರೆ, ಎರಡನೆಯದರ ದಾರಿ ಕಟ್ಟಿದೆ. ಕಂಪ್ರೆಸರ್ ಗಾಳಿ ಊದಿ ಬಿಡಿಸಲು ಹೋಗಬೇಡಿ, ಸೀಲು ಕಿತ್ತುಬರುತ್ತದೆ. ಬಿಚ್ಚಿ ಒರೆಸುವುದೇ ಸರಿ.

ಗಾಡಿಗೆ ತಕ್ಕಂತೆ ಗೇಜಿನ ಅರ್ಥವೂ ಬದಲಾಗುತ್ತದೆ. ಅಮೆರಿಕದಲ್ಲಿ 2004ರ ನಂತರದ ಫೋರ್ಡ್ ಎಫ್-150 ಓಡಿಸುವ ಕನ್ನಡಿಗರು ಇದನ್ನು ತಿಳಿದಿರಬೇಕು: ಅದರಲ್ಲಿ ವ್ಯಾಕ್ಯೂಮ್ ಇರುವುದು ಹಬ್ಬನ್ನು ಬಿಡಿಸಿಡಲು. ವ್ಯಾಕ್ಯೂಮ್ ಹೋದರೆ ಸ್ಪ್ರಿಂಗು ಅದನ್ನು ಕೂಡಿಸುತ್ತದೆ. ಹಾಗಾಗಿ ಪೈಪು ಸೋರಿದರೆ ಫೋರ್ ವೀಲ್ ಬೀಳದೆ ಇರುವುದಿಲ್ಲ, ಟೂ ವೀಲ್‌ನಲ್ಲಿ ಓಡುವಾಗಲೇ ಮುಂದಿನಿಂದ ಕರಕರ ಸದ್ದು ಬರುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇನ್ನೂ ಜಾಸ್ತಿ. ಹಳೆಯ ಷೆವ್ರೊಲೆ ಎಸ್-10ರಲ್ಲಿ ಆಕ್ಚುಯೇಟರ್ (ವ್ಯಾಕ್ಯೂಮ್‌ನಿಂದ ಕೇಬಲ್ ಎಳೆಯುವ ಭಾಗ) ಇರುವುದು ಬ್ಯಾಟರಿ ಟ್ರೇ ಕೆಳಗೆ, ಆಸಿಡ್ ಬಿದ್ದು ಹಾಳಾಗುವ ಜಾಗದಲ್ಲಿ. ಅದಕ್ಕೆ ವ್ಯಾಕ್ಯೂಮ್ ಎಳೆದಾಗ ಆಕ್ಸಲ್‌ಗೆ ಹೋಗುವ ಕೇಬಲ್ ಸರಿಯಬೇಕು. ಪೈಪಿನಲ್ಲಿ ಕೆಂಪು ಎಣ್ಣೆ ಕಂಡರೆ ಟ್ರಾನ್ಸ್‌ಫರ್ ಕೇಸಿನ ಮೇಲಿರುವ ವ್ಯಾಕ್ಯೂಮ್ ಸ್ವಿಚ್ಚು ಸೋರಿದೆ ಎಂದರ್ಥ. ನಡುವೆ ಡಬ್ಬಿ ಹಾಕದೆ ಎಳೆದರೆ ಆ ಎಣ್ಣೆ ನೇರ ಪಂಪಿನೊಳಕ್ಕೆ ಬರುತ್ತದೆ.

ರಿಪೇರಿಯ ನಂತರ ಪರೀಕ್ಷೆ ಮಣ್ಣಿನ ಅಥವಾ ಜಲ್ಲಿ ರಸ್ತೆಯಲ್ಲಿ ಮಾತ್ರ. ಒಣ ಡಾಂಬರಿನ ಮೇಲೆ ಪಾರ್ಟ್‌ಟೈಮ್ (ಬೇಕಾದಾಗ ಮಾತ್ರ ಹಾಕುವ) ಫೋರ್ ವೀಲ್ ಹಾಕಿ ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸಿಗೂ ಆಕ್ಸಲ್‌ಗೂ ಪೆಟ್ಟು. ಇನ್ನು ಪಂಪಿನ ಆರೈಕೆ: ಬ್ರೇಕ್ ಆಯಿಲ್ ಎಳೆದಿದ್ದರೆ ಅದೇ ದಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಒಣಗಿಸಿ, ಪಿಸ್ಟನ್ ಸೀಲಿಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಹಚ್ಚಿ. ಗಾಡಿಯ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರು ಉಬ್ಬಿ ಪಂಪು ಹಿಡಿದುಕೊಳ್ಳುತ್ತದೆ.